ತವರಲ್ಲಿ ನೀಲಿ ಇದ್ದ ಹೈಡ್ರೇಂಜಿಯಾ ಹಾಸನಕ್ಕೆ ಬಂದು ಗುಲಾಬಿ ಆಯ್ತು, ಈ ವರ್ಷ ಹೂವೇ ಇಲ್ಲ

ಹಿತ್ತಲಗಿಡ (ಹಾಸನ)

ಎಲ್ಲರಿಗೂ ನಮಸ್ಕಾರ. ಗಿಡ ಸಾಕುವುದರಲ್ಲಿ ನಾನು ತೀರಾ ಹೊಸಬಳೇನಲ್ಲ. ದಾಸವಾಳ, ಸೇವಂತಿಗೆ, ಡೇರೆ ಎಲ್ಲ ಚೆನ್ನಾಗೇ ಬರುತ್ತವೆ. ಈ ಹೈಡ್ರೇಂಜಿಯಾ ಒಂದು ಮಾತ್ರ ನನ್ನ ಕೈಗೆ ಬಗ್ಗುತ್ತಿಲ್ಲ.

ನನ್ನ ತವರು ಮೂಡಿಗೆರೆ ಹತ್ತಿರ. ಅಲ್ಲಿ ಅಂಗಳದ ಅಂಚಿನಲ್ಲಿ, ಸಿಲ್ವರ್ ಓಕ್ ನೆರಳಿಗೆ, ಈ ಗಿಡ ಸಾಲಾಗಿ ನಿಂತಿದೆ. ಯಾರೂ ಅದರ ಕಡೆ ತಿರುಗಿಯೂ ನೋಡಲ್ಲ. ಆದರೂ ಜೂನ್ ಬಂತು ಅಂದರೆ ಒಂದೊಂದು ಗೊಂಚಲನ್ನು ಎರಡೂ ಕೈ ಸೇರಿಸಿ ಹಿಡಿಯಬೇಕು, ಅಷ್ಟು ದಪ್ಪ. ಬಣ್ಣ ಅಪ್ಪಟ ನೀಲಿ. ಅಲ್ಲಿಂದ ಕಡ್ಡಿ ತಂದು ಹಾಸನದ ವಿದ್ಯಾನಗರದ ನಮ್ಮ ಹೊಸ ಮನೆಯಲ್ಲಿ ನೆಟ್ಟೆ. ಜಾಗ ಕಾಂಪೌಂಡ್ ಗೋಡೆಯ ಪಕ್ಕ, ಬೆಳಗಿನ ಬಿಸಿಲು ಬೀಳುವ ಕಡೆ.

ಮೊದಲು ಬಂದ ಹೂವು ತಿಳಿ ನೀಲಿ ಇತ್ತು. ಆಮೇಲೆ ನೀಲಿಯೂ ಅಲ್ಲ, ನೇರಳೆಯೂ ಅಲ್ಲ, ಒಗೆದು ಒಗೆದು ಮಾಸಿದ ಬಣ್ಣ. ಕಳೆದ ವರ್ಷ ಪೂರ್ತಿ ಗುಲಾಬಿ. ಈ ವರ್ಷ ಅದೂ ಇಲ್ಲ, ಬರೀ ಎಲೆ. ಜನವರಿಯಲ್ಲಿ ಹುಲ್ಲು ಕತ್ತರಿಸಲು ಬಂದವರು ಇದನ್ನೂ ಮೊಣಕಾಲೆತ್ತರಕ್ಕೆ ಸಮ ಮಾಡಿ ಹೋದರು. ಅದಕ್ಕೇ ಹೀಗಾಯ್ತಾ ಅಂತ ಅನುಮಾನ. ಗಿಡ ಸೊಂಪಾಗೇನೋ ಬೆಳೆದಿದೆ. ಆದರೆ ತುದಿಯ ಎಲೆಗಳು ಹಳದಿ, ನರಗಳು ಮಾತ್ರ ಹಸಿರು.

ನೀರು ಬೋರ್‌ವೆಲ್ಲಿನದು. ಆರ್‌ಒ ಯಂತ್ರದಿಂದ ಹೊರಗೆ ಬರುವ ನೀರು ಸುಮ್ನೆ ಪೋಲಾಗುತ್ತೆ ಅಂತ ಅದನ್ನೂ ಬಕೆಟ್ಟಿನಲ್ಲಿ ಹಿಡಿದು ಇದಕ್ಕೇ ಹಾಕ್ತೀವಿ. ಕೊಟ್ಟಿಗೆ ಗೊಬ್ಬರ ವರ್ಷಕ್ಕೊಮ್ಮೆ. ಗುಲಾಬಿ ಗಿಡಕ್ಕೆ ತಂದ ಮೂಳೆಪುಡಿ ಉಳಿದಿದ್ದನ್ನೂ ಹಾಕಿದ್ದೆ.

ಪಕ್ಕದ ಮನೆಯವರು ಕಾಫಿ ಚರಟ ಹಾಕಿ ಅಂತಾರೆ. ನಮ್ಮ ಅತ್ತೆ ತುಕ್ಕು ಹಿಡಿದ ಮೊಳೆ ಹೂಳಬೇಕು ಅಂತಾರೆ. ಇನ್ನೊಬ್ಬರು ಪಟಿಕ ಅಂದರು. ಯಾವುದು ನಿಜ? ನೀಲಿ ವಾಪಸ್ ತರಿಸಬಹುದಾ? ಅದಕ್ಕಿಂತ ಮೊದಲು, ಹೂವು ಬರಿಸೋದು ಹೇಗೆ?


ಫಿಲ್ಟರ್ ಕಾಫಿ (ಚಿಕ್ಕಮಗಳೂರು)

ಚರಟ ಹಾಕಿ ಮೇಡಂ, ಕಣ್ಣು ಮುಚ್ಚಿಕೊಂಡು ಹಾಕಿ. ನಮ್ಮ ಮನೆಯಲ್ಲಿ ದಿನಾ ಫಿಲ್ಟರ್ ಖಾಲಿ ಮಾಡೋದೇ ಗಿಡದ ಬುಡಕ್ಕೆ. ಹೂವು ನೀಲಿಯಾಗೇ ಇದೆ. ಚಿಕ್ಕಮಗಳೂರಲ್ಲಿದ್ದು ಕಾಫಿ ಬಿಟ್ಟು ಬೇರೆ ಗೊಬ್ಬರ ಯಾಕೆ?


ತೋಟದಮನೆ (ಬಾಳೆಹೊನ್ನೂರು ಕಡೆ)

ಮೇಲಿನವರ ಹೂವು ನೀಲಿ ಇರುವುದು ಚಿಕ್ಕಮಗಳೂರಿನ ಮಣ್ಣಿನಿಂದ, ಚರಟದಿಂದ ಅಲ್ಲ ಮಾರಾಯ್ರೆ. ಚರಟ ಹಾಕದೇ ಇದ್ದಿದ್ದರೂ ನೀಲಿಯೇ ಇರುತ್ತಿತ್ತು. ಕಾಫಿಯ ಹುಳಿಯೆಲ್ಲ ಡಿಕಾಕ್ಷನ್ ಜೊತೆ ನಿಮ್ಮ ಲೋಟಕ್ಕೆ ಇಳಿದಿರುತ್ತೆ. ಉಳಿದ ಚರಟ ಹೆಚ್ಚುಕಡಿಮೆ ಸಪ್ಪೆ. ಗಿಡಕ್ಕೆ ಕೆಟ್ಟದ್ದೇನಲ್ಲ, ಕೊಳೆತು ಗೊಬ್ಬರ ಆಗುತ್ತೆ. ದಪ್ಪಗೆ ಸುರಿದರೆ ಮಾತ್ರ ಮೇಲೆ ಹೆಪ್ಪುಗಟ್ಟಿ ನೀರು ಒಳಗೆ ಇಳಿಯಲು ಬಿಡಲ್ಲ.

ಈಗ ಹಾಸನದ ತಂಗಿಗೆ. ನೀನು ಅಂತಲೇ ಕರೀತೀನಿ, ಬೇಜಾರು ಮಾಡ್ಕೋಬೇಡ. ನನ್ನ ಮಗಳ ವಯಸ್ಸು ಇರಬಹುದು.

ನಿನ್ನ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಕೂಡಿಕೊಂಡಿದೆ. ಹೂವು ಬಾರದೇ ಇರುವುದಕ್ಕೆ ಕತ್ತರಿ ಕಾರಣ. ಬಣ್ಣ ಹೋಗಿದ್ದಕ್ಕೆ, ಎಲೆ ಹಳದಿ ಆಗಿದ್ದಕ್ಕೆ ಸುಣ್ಣ ಕಾರಣ. ಜನ ಬಣ್ಣದ ಹಿಂದೆ ಬೀಳ್ತಾರೆ, ನಾನು ಮೊದಲು ಹೂವಿನ ವಿಷಯ ಹೇಳ್ತೀನಿ.

ನಮ್ಮ ಕಡೆ ಮನೆಗಳಲ್ಲಿರುವ ಹಳೇ ಜಾತಿ ಹೈಡ್ರೇಂಜಿಯಾ ಹಳೆಯ ಕಡ್ಡಿಯ ಮೇಲೆ ಹೂ ಬಿಡುತ್ತೆ. ಈ ಮಳೆಗಾಲದಲ್ಲಿ ಬೆಳೆದ ರೆಂಬೆಯ ತುದಿಯಲ್ಲಿ, ಮಳೆ ನಿಂತು ರಾತ್ರಿ ತಂಪಾದ ಮೇಲೆ, ಮೊಗ್ಗು ಒಳಗೊಳಗೇ ಕಟ್ಟುತ್ತೆ. ಹೊರಗೆ ಏನೂ ಗೊತ್ತಾಗಲ್ಲ. ಚಳಿಗಾಲ ಪೂರ್ತಿ ಹಾಗೇ ಕೂತಿದ್ದು, ಹೂಮಳೆ ಬಿದ್ದು ಕಾಫಿ ಅರಳಿ ಮುಗಿದ ಮೇಲೆ ಚಿಗುರುತ್ತೆ. ಜನವರಿಯಲ್ಲಿ ಕತ್ತರಿಸಿದವರು ಕಡ್ಡಿ ಜೊತೆ ಈ ವರ್ಷದ ಹೂವನ್ನೂ ಕತ್ತರಿಸಿಕೊಂಡು ಹೋದರು. ಗುಲಾಬಿ ಗಿಡಕ್ಕೆ, ದಾಸವಾಳಕ್ಕೆ ಅದು ನಡೆಯುತ್ತೆ, ಇದಕ್ಕಲ್ಲ.

ಡಿಸೆಂಬರಿನಲ್ಲಿ ಒಂದು ಕಡ್ಡಿಯ ತುದಿ ಹಿಡಿದು ನೋಡು. ಹೂವಿನ ಮೊಗ್ಗು ಉಬ್ಬಿಕೊಂಡು ದುಂಡಗಿರುತ್ತೆ, ಬೆರಳಿಗೆ ಗಟ್ಟಿಯಾಗಿ ಸಿಗುತ್ತೆ. ಬರೀ ಎಲೆಯ ಮೊಗ್ಗು ಸಣ್ಣಗೆ, ಚೂಪಾಗಿ, ಕಡ್ಡಿಗೆ ಅಂಟಿಕೊಂಡಿರುತ್ತೆ. ಒಮ್ಮೆ ಕೈಗೆ ಗೊತ್ತಾದರೆ ಆಮೇಲೆ ಯಾರು ಹೇಳಿದರೂ ಆ ಕಾಲಕ್ಕೆ ಕತ್ತರಿ ಮುಟ್ಟಲ್ಲ ನೀನು.

ನಮ್ಮ ಮನೆಯಲ್ಲಿ ಒಂದೇ ಲೆಕ್ಕ. ಗೌರಿ ಹಬ್ಬದ ಒಳಗೆ ಕತ್ತರಿ ಕೆಲಸ ಮುಗೀಬೇಕು, ಹಬ್ಬ ಕಳೆದ ಮೇಲೆ ಮುಟ್ಟೋ ಹಾಗಿಲ್ಲ. ಅದೂ ಬೋಳಿಸೋದಲ್ಲ. ಒಣಗುತ್ತಿರುವ ಗೊಂಚಲಿನ ಕೆಳಗೆ ಮೊದಲು ಸಿಗುವ ದಪ್ಪ ಕಣ್ಣುಗಳ ಜೋಡಿಯ ಮೇಲಕ್ಕೆ ಒಂದು ಕತ್ತರಿ, ಅಷ್ಟೆ. ತೀರಾ ಹಳೆಯದಾಗಿ ಸಿಪ್ಪೆ ಎದ್ದಿರುವ ಕಡ್ಡಿ ಇದ್ದರೆ ಬುಡದಿಂದಲೇ ತೆಗಿ, ಒಂದು ವರ್ಷಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ. ಕತ್ತರಿಸಿದ ಸೊಪ್ಪನ್ನು ದನಕ್ಕೆ, ಆಡಿಗೆ ಹಾಕಬೇಡ, ವಿಷ. ಈ ವರ್ಷ ನಿನ್ನ ಗಿಡದಲ್ಲಿ ಹೂವೇ ಇಲ್ಲದಿರುವುದರಿಂದ ಕತ್ತರಿಯೂ ಬೇಡ. ಈಗ ಬೆಳೆದಿರುವ ರೆಂಬೆಗಳೇ ಮುಂದಿನ ವರ್ಷ ಹೂ ಬಿಡುವಂಥವು, ಹಾಗೇ ಬಿಡು.

ಇನ್ನು ಬಣ್ಣ. ಹೊಸ ಮನೆ ಅಂದೆ, ಕಾಂಪೌಂಡ್ ಪಕ್ಕ ಅಂದೆ. ಗೋಡೆ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆ ಚೂರು ಎಲ್ಲ ಅಲ್ಲೇ ಮುಚ್ಚಿಕೊಂಡಿರುತ್ತೆ. ಮೇಲೆ ಒಂದು ಲೋಡು ಕೆಂಪುಮಣ್ಣು ಹರಡಿ ಬಿಟ್ಟಿರ್ತಾರೆ. ಸಿಮೆಂಟಿನಲ್ಲಿ ಇರುವುದೇ ಸುಣ್ಣ. ಅದರ ಮೇಲೆ ಬೋರ್‌ವೆಲ್ ನೀರು. ಸಾಲದ್ದಕ್ಕೆ ಆರ್‌ಒ ಯಂತ್ರದ ನೀರು. ಆ ಯಂತ್ರ ಒಳ್ಳೆ ನೀರನ್ನು ನಿನಗೆ ಕೊಟ್ಟು, ಉಪ್ಪು ಸುಣ್ಣವನ್ನೆಲ್ಲ ಉಳಿದ ನೀರಿಗೆ ಸೇರಿಸಿ ಹೊರಗೆ ಹಾಕುತ್ತೆ. ಬೋರ್‌ವೆಲ್ಲಿಗಿಂತ ಗಡುಸು ನೀರು ಅದು. ಆ ನೀರಲ್ಲಿ ನೆಲ ಒರೆಸು, ಗಾಡಿ ತೊಳಿ, ಈ ಗಿಡಕ್ಕೆ ಮಾತ್ರ ಬೇಡ.

ನಮ್ಮ ತೋಟದಲ್ಲೇ ಇದು ಕಣ್ಣಿಗೆ ಕಾಣುತ್ತೆ. ಕಾಫಿ ಒಣಗಿಸುವ ಸಿಮೆಂಟ್ ಕಣದ ಅಂಚಿಗೆ ಒಂದು ಗಿಡ ಇದೆ. ಕಣದ ಕಡೆ ಬೇರು ಹೋದ ಭಾಗದಲ್ಲಿ ಹೂವು ಗುಲಾಬಿ, ತೋಟದ ಕಡೆಗೆ ನೀಲಿ, ನಡುವೆ ನೇರಳೆ. ಒಂದೇ ಬುಡ. ಬಚ್ಚಲ ಒಲೆಯ ಬೂದಿ ಸುರಿಯುವ ಕಡೆ ಇರುವ ಗಿಡವೂ ಹಾಗೇ, ಗುಲಾಬಿ. ಬೂದಿಯೂ ಸುಣ್ಣದ ಕೆಲಸವನ್ನೇ ಮಾಡುತ್ತೆ. ಕಾಫಿಗೆ ಸುಣ್ಣ ಹಾಕಿದ ವರ್ಷ ದಾರಿ ಪಕ್ಕದ ಗಿಡಗಳು ಸ್ವಲ್ಪ ನೇರಳೆಗೆ ತಿರುಗಿ ಮತ್ತೆ ಸರಿ ಹೋಗ್ತವೆ. ನಮ್ಮ ಮನೆಯವರು ತೋಟಕ್ಕೆ ಸುಣ್ಣ ಹಾಕಿಸಿದ್ದನ್ನು ಮರೆತರೂ ಈ ಗಿಡ ಮರೆಯಲ್ಲ.

ಒಂದು ಪರೀಕ್ಷೆ ಮಾಡಿ ನೋಡು. ಗಿಡದ ಬುಡದಿಂದ ಗೇಣುದ್ದ ಆಳದ ಮಣ್ಣು ಒಂದು ಹಿಡಿ ತೆಗೆದು ಒಣಗಿಸಿ, ಅದರ ಮೇಲೆ ಅಡಿಗೆಮನೆಯ ವಿನೆಗರ್ ಸುರಿ. ನೊರೆ ಬಂದು ಬುಸುಗುಟ್ಟಿದರೆ ಸುಣ್ಣ ಇದೆ ಅಂತ ಖಾತ್ರಿ. ನೊರೆ ಬರದಿದ್ದರೆ ಇಲ್ಲಿ ಬಂದು ಹೇಳು, ಬೇರೆ ಯೋಚನೆ ಮಾಡೋಣ.

ಮಧ್ಯಾಹ್ನ ಎಲೆ ಜೋತುಬಿದ್ದರೆ ಹೆದರಬೇಡ. ಎಲೆ ದೊಡ್ಡದು, ಬಿಸಿಲಿಗೆ ಬೇರು ಕೊಡುವಷ್ಟು ನೀರು ಸಾಲಲ್ಲ. ಸಂಜೆಗೆ ತಾನೇ ಎದ್ದು ನಿಲ್ಲುತ್ತೆ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಮಾತ್ರ ನೀರು ಕೊಡು. ಬುಡಕ್ಕೆ ದಪ್ಪಗೆ ತರಗೆಲೆ ಮುಚ್ಚಿಡು.


ಹಿತ್ತಲಗಿಡ (ಹಾಸನ)

ಅಮ್ಮಾ, ತುಂಬಾ ಥ್ಯಾಂಕ್ಸ್. ವಿನೆಗರ್ ಹಾಕಿದೆ. ಬುಸುಗುಟ್ಟಿದ್ದಷ್ಟೇ ಅಲ್ಲ, ಮಣ್ಣಿನಲ್ಲಿ ಬಿಳಿ ಚೂರುಗಳೇ ಸಿಕ್ಕವು. ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತೆ, ಗಾರೆಯೇ ಇರಬೇಕು. ನಮ್ಮ ಗೀಸರಿನ ಕಾಯಿಲ್ ಮೇಲೂ ಬಿಳಿ ಪದರ ಕಟ್ಟುತ್ತೆ ಅಂತ ನಮ್ಮ ಮನೆಯವರು ನೆನಪು ಮಾಡಿದರು. ತವರಲ್ಲಿ ಹಂಡೆಗೆ ಅಂಥದ್ದೇನೂ ಕಟ್ಟುವುದಿಲ್ಲ.

ಹಾಗಿದ್ದರೆ ಪಟಿಕ ಹಾಕಿದರೆ ಸರಿ ಹೋಗುತ್ತಾ? ಮೊಳೆ ಹೂಳುವ ವಿಷಯ ಅತ್ತೆಗೆ ಏನು ಹೇಳಲಿ?


ಮಣ್ಣು ಮತ್ತು ಮಸಿ (ಮೂಡಿಗೆರೆ)

ನಾನು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವನು, ಈಗ ಸಣ್ಣ ನರ್ಸರಿ ಇದೆ. ಮೇಲಿನ ಅಮ್ಮ ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇಲ್ಲ. ಯಾಕೆ ಹಾಗೆ ಅನ್ನುವುದನ್ನು ಸೇರಿಸ್ತೀನಿ.

ಈ ಗಿಡದ ನೀಲಿಗೂ ಗುಲಾಬಿಗೂ ಒಳಗಿನ ಬಣ್ಣದ ವಸ್ತು ಒಂದೇ. ಅದಕ್ಕೆ ಅಲ್ಯೂಮಿನಿಯಂ ಬಂದು ಸೇರಿಕೊಂಡರೆ ನೀಲಿಯಾಗಿ ಕಾಣುತ್ತೆ, ಸೇರದಿದ್ದರೆ ಗುಲಾಬಿ. ಅಲ್ಯೂಮಿನಿಯಂ ಎಲ್ಲ ಮಣ್ಣಿನಲ್ಲೂ ಬೇಕಾದಷ್ಟು ಇದೆ. ಆದರೆ ಮಣ್ಣು ಹುಳಿಯಾಗಿದ್ದರೆ ಮಾತ್ರ ಕರಗಿ ಬೇರಿಗೆ ಸಿಗುತ್ತೆ. ಮಣ್ಣಿನ ಹುಳಿ ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 5.5 ಅಥವಾ ಅದಕ್ಕಿಂತ ಕೆಳಗಿದ್ದರೆ ಒಳ್ಳೆ ನೀಲಿ. 6.5 ದಾಟಿದರೆ ಗುಲಾಬಿ. ನಡುವೆ ಇದ್ದರೆ ನೀವು ಹೇಳಿದ ಆ ಮಾಸಿದ ಬಣ್ಣ. ಮಲೆನಾಡಿನಲ್ಲಿ ವರ್ಷವರ್ಷವೂ ಸುರಿಯುವ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತೆ, ಅದಕ್ಕೇ ಇಲ್ಲಿ ಆರೈಕೆ ಇಲ್ಲದೆಯೂ ನೀಲಿ. ಬಿಳಿ ಜಾತಿಗಳಲ್ಲಿ ಈ ಬಣ್ಣದ ವಸ್ತುವೇ ಇಲ್ಲ, ಅವಕ್ಕೆ ಏನು ಹಾಕಿದರೂ ನೀಲಿ ಆಗಲ್ಲ. ನರ್ಸರಿಗೆ ಬಂದು ಬಿಳಿ ಗಿಡ ತಗೊಂಡು "ಇದನ್ನ ನೀಲಿ ಮಾಡೋದು ಹೇಗೆ" ಅಂತ ಕೇಳುವವರು ವರ್ಷಕ್ಕೆ ಕೆಲವರಾದರೂ ಇರ್ತಾರೆ.

ಮೊಳೆ ಕಬ್ಬಿಣ. ಕಬ್ಬಿಣಕ್ಕೂ ಈ ನೀಲಿಗೂ ಸಂಬಂಧ ಇಲ್ಲ. ಅತ್ತೆಯವರಿಗೆ ಹೀಗೆ ಹೇಳಿ: ಎಲೆ ಹಳದಿಯಾಗಿ ನರ ಹಸಿರಾಗಿರುವುದು ಕಬ್ಬಿಣದ ಕೊರತೆಯೇ, ಆ ಮಟ್ಟಿಗೆ ಅವರ ಮಾತು ಹತ್ತಿರ ಬಂದಿದೆ. ಆದರೆ ಸುಣ್ಣದ ಮಣ್ಣಿನಲ್ಲಿ ಮೊಳೆಯ ತುಕ್ಕು ಕರಗಲ್ಲ, ಬೇರಿಗೆ ಸಿಗಲ್ಲ. ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ, ಅಂದರೆ ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ, ಸಿಗುತ್ತೆ. ಪ್ಯಾಕೆಟ್ಟಿನ ಮೇಲಿರುವ ಅಳತೆಯಲ್ಲಿ ಎಲೆಗೆ ಸಿಂಪಡಿಸಿ. ಹೊಸ ಚಿಗುರು ಹಸಿರಾಗೇ ಬರುತ್ತೆ. ಅನ್ನಭೇದಿಯೂ (ಫೆರಸ್ ಸಲ್ಫೇಟ್) ಆಗುತ್ತೆ, ಆದರೆ ಸ್ವಲ್ಪ ಹೆಚ್ಚಾದರೆ ಎಲೆ ಸುಡುತ್ತೆ.

ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಮಣ್ಣನ್ನು ಹುಳಿಯೂ ಮಾಡುತ್ತೆ. ಹಾಗಾಗಿ ಅದು ನಿಜವಾಗಿ ಕೆಲಸ ಮಾಡುವ ಮದ್ದು. ಅಲ್ಯೂಮಿನಿಯಂ ಸಲ್ಫೇಟ್ ಸಿಕ್ಕರೆ ಇನ್ನೂ ಒಳ್ಳೆಯದು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ. ಮೊದಲು ಬರೀ ನೀರು ಹಾಕಿ ಬುಡ ತೋಯಿಸಿ, ಆಮೇಲೆ ಇದನ್ನು ಹಾಕಿ. ಒಣ ಮಣ್ಣಿಗೆ ಹಾಕಿದರೆ ಬೇರು ಸುಡುತ್ತೆ. ಮೊಗ್ಗು ಬಿಡುವ ಮೊದಲೇ, ಫೆಬ್ರವರಿ-ಮಾರ್ಚಿನಿಂದ ಆಗಾಗ ಕೊಟ್ಟರೆ ಆ ವರ್ಷದ ಹೂವಿನಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. ಅರಳಿದ ಮೇಲೆ ಹಾಕಿ ಕಾಯುತ್ತಾ ಕೂತರೆ ಏನೂ ಆಗಲ್ಲ.

ಆದರೆ ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಆ ಗೋಡೆಯ ಪಕ್ಕ ಪಟಿಕ ಸುರಿಯುತ್ತಿರಲಿಲ್ಲ. ಮಣ್ಣಿನಲ್ಲಿ ಗಾರೆ ಚೂರೇ ಇದೆ ಅಂದಮೇಲೆ ನೀವು ಹಾಕಿದ ಹುಳಿಯನ್ನೆಲ್ಲ ಅದು ತಿಂದುಹಾಕುತ್ತೆ. ಚೂರು ಕರಗುತ್ತಲೇ ಇರುತ್ತೆ, ನೀವು ಹಾಕುತ್ತಲೇ ಇರಬೇಕು. ಕೊನೆಗೆ ಬೇರಿಗೇ ಏಟು.

ಮೂಳೆಪುಡಿ ನಿಲ್ಲಿಸಿ. ಡಿಎಪಿ, ಸೂಪರ್ ಫಾಸ್ಫೇಟ್, ರಾಕ್ ಫಾಸ್ಫೇಟ್ ಯಾವುದೂ ಬೇಡ, ಎಲ್ಲದರಲ್ಲೂ ರಂಜಕ (ಫಾಸ್ಫರಸ್) ಇದೆ. ರಂಜಕ ಜಾಸ್ತಿಯಾದರೆ ಅಲ್ಯೂಮಿನಿಯಂ ಅದರ ಜೊತೆ ಕಟ್ಟಿಕೊಂಡು ಬೇರಿಗೆ ಸಿಗಲ್ಲ. ನೀಲಿ ಬೇಕೆನ್ನುವವರು ಪೊಟ್ಯಾಷ್ ಜಾಸ್ತಿ, ರಂಜಕ ಕಡಿಮೆ ಇರುವ ಗೊಬ್ಬರ ನೋಡಿ. ಯೂರಿಯಾ ಧಾರಾಳವಾಗಿ ಹಾಕಿದರೆ ಎಲೆ ಮಾತ್ರ ಸೊಂಪು, ಹೂವಿಲ್ಲ.

ಮಣ್ಣು ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ವಿಚಾರಿಸಿ. ಮೇಲಿನ ಕಸ ಸರಿಸಿ, ನಾಲ್ಕೈದು ಕಡೆ ಗೇಣುದ್ದ ಆಳಕ್ಕೆ ಅಗೆದು, ಎಲ್ಲ ಬೆರೆಸಿ ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಟ್ಟರೆ ಸಾಕು. ಗೊಬ್ಬರ ಹಾಕಿದ ತಕ್ಷಣ ತೆಗೆಯಬೇಡಿ.

ಇನ್ನೊಂದು ವಿಷಯ, ಬೆಂಗಳೂರಿನ ಗೆಳೆಯರು ಓದುತ್ತಿದ್ದರೆ. ಅಂಗಡಿಯಲ್ಲಿ ಸಣ್ಣ ಕುಂಡದಲ್ಲಿ ತುಂಬ ಹೂವಿರುವ ಗಿಡ ತಂದು, ಮುಂದಿನ ವರ್ಷ ಹೂವೇ ಬರಲಿಲ್ಲ ಅಂತ ಬೈಯಬೇಡಿ. ಮೊಗ್ಗು ಕಟ್ಟಲು ಈ ಗಿಡಕ್ಕೆ ಹಲವು ವಾರ 18 ಡಿಗ್ರಿಗಿಂತ ತಂಪಾದ ರಾತ್ರಿಗಳು ಬೇಕು. ಚಿಕ್ಕಮಗಳೂರು, ಮೂಡಿಗೆರೆ, ಹಾಸನದಲ್ಲಿ ಡಿಸೆಂಬರ್-ಜನವರಿಯಲ್ಲಿ ಅದು ಸಿಗುತ್ತೆ. ಕಾಂಕ್ರೀಟ್ ಬಾಲ್ಕನಿಯಲ್ಲಿ ಗೋಡೆ ರಾತ್ರಿಯೆಲ್ಲ ಬಿಸಿ ಬಿಡುತ್ತಿದ್ದರೆ ಕಷ್ಟ.


ಹೇಮಾವತಿ ದಂಡೆ (ಸಕಲೇಶಪುರ)

ನಮ್ಮಲ್ಲಿ ಬಣ್ಣದ ತೊಂದರೆಯೇ ಇಲ್ಲ, ಎಲ್ಲ ನೀಲಿ. ನಮ್ಮ ತೊಂದರೆ ಮಳೆ. ಜುಲೈನಲ್ಲಿ ವಾರಗಟ್ಟಲೆ ಬಿಡದೆ ಹೊಡೆದರೆ ಗೊಂಚಲು ನೀರು ಕುಡಿದು ಭಾರಕ್ಕೆ ಕಡ್ಡಿ ಸಮೇತ ನೆಲಕ್ಕೆ ಬಾಗುತ್ತೆ. ಒಳಗೆ ಬೂದು ಬಣ್ಣದ ಬೂಷ್ಟು ಹಿಡಿದು ಕೊಳೆಯುತ್ತೆ. ಎಲೆ ಮೇಲೆ ಕಂದು ಚುಕ್ಕಿ, ಅದರ ಸುತ್ತ ನೇರಳೆ ಅಂಚು. ಇದಕ್ಕೆ ಏನಾದರೂ ಮಾಡಬಹುದಾ ಅಂತ ಕೇಳೋಣ ಅಂತ ಬಂದೆ, ಆದರೆ ನಾವು ಮಾಡುತ್ತಿರುವುದನ್ನೂ ಹೇಳಿಬಿಡ್ತೀನಿ.

ಗಿಡವನ್ನು ಸಮ ನೆಲದಲ್ಲಿ ನೆಡುವುದಿಲ್ಲ, ದಿಬ್ಬ ಮಾಡಿ ನೆಡ್ತೀವಿ. ನೀರು ಇಷ್ಟ ಅಂತ ಹೆಸರೇನೋ ಇದೆ, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಹೋಗುತ್ತೆ. ಮಳೆ ಶುರುವಾಗುವ ಮುಂಚೆ ಒಳಗಿನ ಸಣ್ಣ ಸೊಣಕಲು ಕಡ್ಡಿ ತೆಗೆದು ಗಾಳಿಯಾಡಲು ಬಿಡ್ತೀವಿ. ಬೂಷ್ಟು ಹಿಡಿದ ಗೊಂಚಲನ್ನು ಕಿತ್ತು ದೂರ ಹೂಳಬೇಕು, ಬುಡದಲ್ಲೇ ಎಸೆದರೆ ಅಲ್ಲಿಂದ ಮತ್ತೆ ಹಬ್ಬುತ್ತೆ.

ಬಸವನಹುಳು ಇನ್ನೊಂದು ಕಾಟ. ರಾತ್ರಿ ಬಂದು ಎಳೆ ಚಿಗುರನ್ನೆಲ್ಲ ಜಾಲರಿ ಮಾಡಿಟ್ಟು ಹೋಗುತ್ತೆ. ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಹಾಕಿಟ್ಟರೆ ಬೆಳಿಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಕೈಗೆ ಗ್ಲೌಸ್ ಹಾಕಿ ಹಿಡಿದು ಉಪ್ಪುನೀರಿಗೆ ಹಾಕ್ತೀವಿ. ಉಪ್ಪನ್ನು ಗಿಡದ ಹತ್ತಿರ ಮಾತ್ರ ತರಬೇಡಿ.

ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವಾಗ ಉಳಿದದ್ದನ್ನು ಇದಕ್ಕೂ ಹೊಡೆಯಬಹುದಾ ಅಂತ ನಮ್ಮ ಅಣ್ಣನ ಪ್ರಶ್ನೆ.


ಮಣ್ಣು ಮತ್ತು ಮಸಿ (ಮೂಡಿಗೆರೆ)

ಎಲೆ ಚುಕ್ಕಿಗೆ ತಾಮ್ರದ ಮದ್ದು ಹಿಡಿಯುತ್ತೆ. ಆದರೆ ಅರಳಿದ ಹೂವಿನ ಮೇಲೆ ಬಿದ್ದರೆ ಕಲೆ. ಹಾಗಾಗಿ ಹೂವಿಗೆ ಮೊದಲೇ, ಮಳೆ ಬಿಡುವು ಕೊಟ್ಟ ದಿನ, ಎಲೆಗೆ ಮಾತ್ರ ತೆಳ್ಳಗೆ. ಬೋರ್ಡೋದಲ್ಲೂ ಸುಣ್ಣ ಇದೆ ಅನ್ನುವುದು ನೆನಪಿರಲಿ, ಡ್ರಮ್ಮು ತೊಳೆದ ನೀರನ್ನು ಬುಡಕ್ಕೆ ಸುರಿಯಬೇಡಿ. ಚುಕ್ಕಿ ಕಡಿಮೆ ಇದ್ದರೆ ಏನೂ ಹೊಡೆಯದೇ ಇರುವುದೇ ಮೇಲು. ಅದರಿಂದ ಗಿಡ ಸಾಯಲ್ಲ, ನೋಡಲು ಚೆನ್ನಾಗಿರಲ್ಲ ಅಷ್ಟೆ.

ಬಾಗುವ ಗೊಂಚಲನ್ನು ಕತ್ತರಿಸಿ ಮನೆಯೊಳಗೆ ತಂದುಬಿಡಿ. ಪೂರ್ತಿ ಬಲಿತು ಮುಟ್ಟಿದರೆ ಸ್ವಲ್ಪ ಗರಿಗರಿ ಅನ್ನಿಸುವ ಗೊಂಚಲು ನೀರಲ್ಲಿ ತುಂಬ ದಿನ ಉಳಿಯುತ್ತೆ. ಎಳೆಯದು ಬಾಡುತ್ತೆ. ಬಾಡಿದರೆ ಇಡೀ ಗೊಂಚಲನ್ನು ತಲೆಕೆಳಗಾಗಿ ಒಂದು ಬಕೆಟ್ ತಣ್ಣೀರಲ್ಲಿ ಮುಳುಗಿಸಿಡಿ, ದಳಗಳೇ ನೀರು ಹೀರಿ ಎದ್ದು ನಿಲ್ಲುತ್ತವೆ. ದಳ ಅಂತ ನಾವು ಅನ್ನುವುದು ನಿಜವಾಗಿ ಪುಷ್ಪಪತ್ರ, ಅಂದರೆ ಹೂವಿನ ಹೊರಗಿನ ಸುತ್ತಿನ ಎಲೆ. ಅಸಲಿ ಹೂವು ಅದರ ನಡುವಿನ ಸಣ್ಣ ಗುಂಡು.


ಫಿಲ್ಟರ್ ಕಾಫಿ (ಚಿಕ್ಕಮಗಳೂರು)

ಒಪ್ಪಿದೆ, ಚರಟ ಸಪ್ಪೆ. ಆದರೆ ನಮ್ಮ ಹೂವು ಈಗ ಹಸಿರಾಗ್ತಿದೆಯಲ್ಲ, ಅದಕ್ಕೆ ಏನು ಕಾರಣ?


ತೋಟದಮನೆ (ಬಾಳೆಹೊನ್ನೂರು ಕಡೆ)

ವಯಸ್ಸು. ಗೊಂಚಲು ಹಳೆಯದಾದರೆ ಹಸಿರಿಗೆ ತಿರುಗುತ್ತೆ, ಅಂಚಿಗೆ ಸ್ವಲ್ಪ ಕೆಂಪು ಬರುತ್ತೆ. ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಸೊಸೆಗೆ ನೀಲಿಗಿಂತ ಆ ಹಸಿರೇ ಇಷ್ಟ, ಒಣಗಿಸಿ ಹೂದಾನಿಗೆ ಹಾಕ್ತಾಳೆ.


ಹಿತ್ತಲಗಿಡ (ಹಾಸನ)

ಎಲ್ಲ ಓದಿದೆ. ಮನೆಯಲ್ಲೂ ಓದಿ ಹೇಳಿದೆ. ಅತ್ತೆ, "ನನ್ನ ಮಾತು ಹತ್ತಿರ ಬಂದಿದೆ ಅಂತ ಕಾಲೇಜಿನವರೇ ಹೇಳಿದ್ದಾರಲ್ಲ" ಅಂತ ಖುಷಿಯಾಗಿದ್ದಾರೆ.

ಗೋಡೆ ಪಕ್ಕದ ಗಿಡ ಗುಲಾಬಿಯಾಗೇ ಇರಲಿ, ಕತ್ತರಿ ಮುಟ್ಟಲ್ಲ, ಆರ್‌ಒ ನೀರು ಹಾಕಲ್ಲ. ನೀಲಿಗೆ ಬೇರೆ ಒಂದನ್ನು ಕುಂಡದಲ್ಲಿ ಮಾಡೋಣ ಅಂತಿದ್ದೀನಿ. ಮನೆಯಲ್ಲಿ ಖಾಲಿ ಸಿಮೆಂಟ್ ಕುಂಡಗಳಿವೆ. ಮುಂದಿನ ವಾರ ತವರಿಗೆ ಹೋಗ್ತೀನಿ, ಕಡ್ಡಿ ತರಬಹುದು. ಹೇಗೆ ಮಾಡಲಿ ಅಮ್ಮಾ?


ತೋಟದಮನೆ (ಬಾಳೆಹೊನ್ನೂರು ಕಡೆ)

ಸಿಮೆಂಟ್ ಕುಂಡವಾ? ಇಷ್ಟು ಹೊತ್ತು ಏನು ಮಾತಾಡಿದೆವು ಮಾರಾಯ್ತಿ! ಅದರ ಸುಣ್ಣ ಮಣ್ಣಿಗೇ ಇಳಿಯುತ್ತೆ. ಮಣ್ಣಿನ ಕುಂಡವೋ ಪ್ಲಾಸ್ಟಿಕ್ಕೋ ತಗೋ. ಕಡ್ಡಿ ಚಿಗುರುವವರೆಗೆ ಚಿಕ್ಕದು ಸಾಕು. ಆಮೇಲೆ ಒಂದಡಿಗಿಂತ ಅಗಲದ್ದು ಬೇಕು, ಬೇರು ಆಳಕ್ಕಿಂತ ಪಕ್ಕಕ್ಕೆ ಹೋಗುತ್ತೆ.

ಕಡ್ಡಿಗೆ ಈಗ ಒಳ್ಳೆ ಕಾಲ. ಹೂ ಬಿಡದಿರುವ ರೆಂಬೆ ಆರಿಸು. ತೀರಾ ಎಳೆ ಹಸಿರೂ ಅಲ್ಲ, ಮರದ ಹಾಗೆ ಬಲಿತದ್ದೂ ಅಲ್ಲ. ಬಗ್ಗಿಸಿದರೆ ಬಾಗಬೇಕು, ಬಿಟ್ಟರೆ ವಾಪಸ್ ನಿಲ್ಲಬೇಕು. ಗೇಣಿಗಿಂತ ಸ್ವಲ್ಪ ಗಿಡ್ಡ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸು. ಕೆಳಗಿನ ಜೋಡಿ ಎಲೆ ಕಿತ್ತು, ಮೇಲಿನ ಜೋಡಿಯನ್ನು ಅರ್ಧಕ್ಕೆ ಕತ್ತರಿಸು. ಇಡೀ ಎಲೆ ಬಿಟ್ಟರೆ ಬೇರು ಬರುವ ಮೊದಲೇ ಎಲೆಯೇ ನೀರೆಲ್ಲ ಹೀರಿ ಕಡ್ಡಿ ಬಾಡುತ್ತೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಾ. ಬಸ್ಸಿನ ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡ.

ಬೇರು ಬರಿಸಲು ಮರಳು ಮತ್ತೆ ತೆಂಗಿನ ನಾರಿನ ಪುಡಿ ಸಾಕು, ಗೊಬ್ಬರ ಬೇಡ. ನೆರಳಲ್ಲಿಡು. ಮೂರು-ನಾಲ್ಕು ವಾರ ಬಿಟ್ಟು ಮೆಲ್ಲಗೆ ಎಳೆದು ನೋಡು, ಹಿಡಿದುಕೊಂಡಿದ್ದರೆ ಬೇರು ಬಂದಿದೆ. ಆಮೇಲೆ ದೊಡ್ಡ ಕುಂಡಕ್ಕೆ ಹಾಕುವ ಮಣ್ಣನ್ನೂ ತವರಿಂದಲೇ ತಂದುಬಿಡು. ಮರದ ಕೆಳಗೆ ತರಗು ಕೊಳೆತು ಕಪ್ಪಾಗಿರುತ್ತಲ್ಲ, ಆ ಮಣ್ಣು ಎರಡು ಪಾಲು, ನಾರಿನ ಪುಡಿ ಒಂದು ಪಾಲು, ಸ್ವಲ್ಪ ಹೊಳೆ ಮರಳು. ಇತ್ತೀಚೆಗೆ ಸುಣ್ಣ ಹಾಕಿದ ಕಡೆಯಿಂದ ತೆಗೀಬೇಡ, ನಿನ್ನ ಅಪ್ಪನನ್ನೋ ಅಣ್ಣನನ್ನೋ ಕೇಳಿ ತೆಗಿ.

ನೀರಿಗೆ ಚಾವಣಿಯ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಡು. ಬಾಯಿಗೆ ಬಟ್ಟೆ ಕಟ್ಟು, ಇಲ್ಲದಿದ್ದರೆ ಸೊಳ್ಳೆ. ಒಂದು ಕುಂಡಕ್ಕೆ ಒಂದು ಡ್ರಮ್ಮು ತುಂಬ ದಿನ ಬರುತ್ತೆ. ಬೇಸಿಗೆಯಲ್ಲಿ ಮುಗಿದುಹೋಗಿ ಬೋರ್‌ವೆಲ್ ನೀರನ್ನೇ ಹಾಕಬೇಕಾದರೆ ಆಗ ಪಟಿಕ ಕೈಗೆ ತಗೋ, ಅವರು ಹೇಳಿದ ಅಳತೆಯಲ್ಲಿ. ಕುಂಡದಲ್ಲಿ ಅದು ಚೆನ್ನಾಗಿ ಹಿಡಿಯುತ್ತೆ.

ಅಂದಹಾಗೆ, ನಿಮ್ಮ ತವರಲ್ಲಿ ಬಚ್ಚಲ ಕಡೆ ಗುಲಾಬಿ ಬಣ್ಣದ್ದು ಇದ್ದು, ಅದರಲ್ಲೇ ಒಳ್ಳೆ ಕಡ್ಡಿ ಸಿಕ್ಕರೆ ಅದನ್ನೂ ತರಬಹುದು. ಬೂದಿಯಿಂದ ಗುಲಾಬಿ ಆಗಿದ್ದರೆ ಹುಳಿ ಮಣ್ಣಿಗೆ ಬಂದಮೇಲೆ ಅದೂ ನೀಲಿಯೇ ಬಿಡುತ್ತೆ.